ದವನದ ಮಡಿಗೆ ಯೂರಿಯಾ ಕಾಲುಭಾಗ ಕಡಿಮೆ: ಜೈವಿಕ ಗೊಬ್ಬರ ಬಳಸುವ ಸಮಗ್ರ ಮಾರ್ಗದರ್ಶಿ

ದವನ ನಮ್ಮ ಕಡೆಯ ಬೆಳೆ. ಹಾರದಲ್ಲಿ ಕನಕಾಂಬರ, ಮಲ್ಲಿಗೆ ಜೊತೆ ಸಿಗುವ ಆ ಬೂದು ಹಸಿರು ಎಲೆಯ ಪರಿಮಳ ಗೊತ್ತಿಲ್ಲದವರು ಕಡಿಮೆ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅಂತಲೇ ಹೆಸರು. ಇದರ ಎಣ್ಣೆ ಸುಗಂಧ ದ್ರವ್ಯಕ್ಕೂ ಹೋಗುತ್ತದೆ. ಅಂದರೆ ಈ ಬೆಳೆಯಲ್ಲಿ ನಾವು ಮಾರುವುದು ಸೊಪ್ಪಿನ ತೂಕ ಮಾತ್ರ ಅಲ್ಲ, ವಾಸನೆಯನ್ನು ಕೂಡ. ಯೂರಿಯಾ ಸುರಿದರೆ ಗಿಡ ಸೊಂಪಾಗಿ ಕಾಣುತ್ತದೆ ನಿಜ. ಆದರೆ ನೀರು ತುಂಬಿದ ಆ ಎಳೆ ಸೊಪ್ಪು ಬೇಗ ಬಾಡುತ್ತದೆ, ರೋಗಕ್ಕೂ ಬೇಗ ತುತ್ತಾಗುತ್ತದೆ.

ಹಾಗಂತ ರಾಸಾಯನಿಕ ಗೊಬ್ಬರವನ್ನು ಒಂದೇ ಸಲಕ್ಕೆ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಹಾಗೆ ನಿಲ್ಲಿಸಿದವರು ಒಂದು ಬೆಳೆ ಕಳೆದುಕೊಂಡು, ಮುಂದಿನ ವರ್ಷ ಮೊದಲಿಗಿಂತ ಜಾಸ್ತಿ ಯೂರಿಯಾ ಹಾಕುವುದನ್ನು ನೋಡಿದ್ದೇನೆ. ಮೊದಲ ವರ್ಷಕ್ಕೆ ಕಾಲುಭಾಗ ಕಡಿಮೆ ಮಾಡಿದರೆ ಸಾಕು. ಅದನ್ನೂ ನಿಮ್ಮ ಹೊಲದಲ್ಲೇ ಪರೀಕ್ಷೆ ಮಾಡಿ ನೋಡಬೇಕು. ಆ ಪರೀಕ್ಷೆಗೆ ಬೇಕಾಗುವುದು ಮೂರು ಗುಂಟೆ ಜಾಗ, ಅಷ್ಟೇ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ನೋಡೋಣ

ಜೈವಿಕ ಗೊಬ್ಬರ ಅಂದರೆ ಚೀಲದಲ್ಲಿ ತುಂಬಿದ ಜೀವಂತ ಸೂಕ್ಷ್ಮಾಣುಗಳು. ಅದರಲ್ಲಿ ಪೋಷಕಾಂಶ ಇರುವುದಿಲ್ಲ, ಪೋಷಕಾಂಶ ತಂದುಕೊಡುವ ಕೆಲಸಗಾರರು ಇರುತ್ತಾರೆ. ದವನ, ತುಳಸಿ, ಪುದೀನ, ಕೊತ್ತಂಬರಿಗೆ ಬೇಕಾಗುವುದು ಮುಖ್ಯವಾಗಿ ಮೂರು.

ಅಜೋಸ್ಪಿರಿಲಂ ಬೇರಿನ ಸುತ್ತ ಇದ್ದು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಜೊತೆಗೆ ಬೇರು ಕವಲೊಡೆಯುವಂತೆ ಮಾಡುವ ಹಾರ್ಮೋನನ್ನೂ ಬಿಡುತ್ತದೆ. ಎಷ್ಟೋ ಕಡೆ ಈ ಎರಡನೇ ಲಾಭವೇ ಕಣ್ಣಿಗೆ ಕಾಣುವುದು. ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಅಂಗಡಿಯಲ್ಲಿ ಪಿಎಸ್‌ಬಿ ಅಂತ ಕೇಳಿ, ಆಮ್ಲ ಬಿಟ್ಟು ಮಣ್ಣಲ್ಲಿ ಸಿಕ್ಕಿಹಾಕಿಕೊಂಡ ರಂಜಕವನ್ನು ಬಿಡಿಸುತ್ತದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆಂಪು ಮಣ್ಣಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ರಂಜಕಕ್ಕೆಂದು ಹಾಕುವ ರಾಸಾಯನಿಕ ಗೊಬ್ಬರ ಡಿಎಪಿ, ಅದರ ರಂಜಕದ ದೊಡ್ಡ ಪಾಲು ಅವುಗಳ ಜೊತೆ ಅಂಟಿಕೊಂಡು ಕೂರುತ್ತದೆ. ಮೂರನೆಯದು ಮೈಕೊರೈಜಾ, ಹಳಬರು ವ್ಯಾಮ್ ಅನ್ನುತ್ತಾರೆ. ಇದು ಬೇರಿನೊಳಗೆ ಸೇರಿ ಹೊರಗೆ ನೂಲಿನಂತೆ ಹರಡುವ ಶಿಲೀಂಧ್ರ. ಬೇರಿಗೆ ಎಟುಕದ ಕಡೆಯಿಂದ ರಂಜಕ, ಸತು, ನೀರು ತಂದುಕೊಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಅವರು ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು.

ರೈಜೋಬಿಯಂ ಕೊಟ್ಟರೆ ತೆಗೆದುಕೊಳ್ಳಬೇಡಿ. ಅದು ಕಡಲೆ, ತೊಗರಿ, ಅಲಸಂದೆಯಂಥ ದ್ವಿದಳ ಬೆಳೆಗೆ. ದವನಕ್ಕೆ ಹಾಕಿದರೆ ಸುಮ್ನೆ ದುಡ್ಡು ದಂಡ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮಣ್ಣಲ್ಲಿ ಯೂರಿಯಾದ ಸಾರಜನಕ ಧಾರಾಳವಾಗಿದ್ದರೆ ಅಜೋಸ್ಪಿರಿಲಂ ಗಾಳಿಯಿಂದ ಹಿಡಿಯುವ ಕೆಲಸವನ್ನೇ ನಿಲ್ಲಿಸುತ್ತದೆ. ಮನೆಯಲ್ಲಿ ಊಟ ಸಿದ್ಧ ಇರುವಾಗ ಕೂಲಿಗೆ ಯಾಕೆ ಹೋಗುತ್ತಾರೆ? ಮೈಕೊರೈಜಾ ಕೂಡ ಹಾಗೇ, ಡಿಎಪಿ ಜಾಸ್ತಿಯಾದರೆ ಬೇರಿಗೆ ಸರಿಯಾಗಿ ಸೇರುವುದಿಲ್ಲ. ಆದ್ದರಿಂದ 'ಯೂರಿಯಾ ಪೂರ್ತಿ ಹಾಕಿದ್ದೇನೆ, ಮೇಲೊಂದಿಷ್ಟು ಜೈವಿಕವೂ ಇರಲಿ' ಅನ್ನುವ ಲೆಕ್ಕ ನಡೆಯುವುದಿಲ್ಲ. ಕಡಿಮೆ ಮಾಡಿದರೆ ಮಾತ್ರ ಇವು ದುಡಿಯುತ್ತವೆ.

ಹಂತ 1: ಮಣ್ಣು ಪರೀಕ್ಷೆ, ಸೆಪ್ಟೆಂಬರ್‌ನಲ್ಲೇ

ದವನದ ಸಸಿಮಡಿ ಅಕ್ಟೋಬರ್–ನವೆಂಬರ್‌ನಲ್ಲಿ ಆಗುತ್ತದೆ. ಅದಕ್ಕೆ ಮುಂಚೆ ವರದಿ ಕೈಗೆ ಬರಬೇಕು. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು 8–10 ಕಡೆ ಒಂದು ಗೇಣು ಆಳಕ್ಕೆ 'ವಿ' ಆಕಾರದ ಗುಂಡಿ ತೆಗೆಯಿರಿ. ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಮಣ್ಣು ಕೆರೆಯಿರಿ. ಬದುವಿನ ಹತ್ತಿರ, ಮರದ ಕೆಳಗೆ, ತಿಪ್ಪೆ ಇದ್ದ ಜಾಗ ಬೇಡ. ಎಲ್ಲ ಸೇರಿಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ ನೆರಳಲ್ಲಿ ಒಣಗಿಸಿ ಕೊಡಿ.

ವರದಿಯಲ್ಲಿ ಮೊದಲು ಸಾವಯವ ಇಂಗಾಲ ನೋಡಿ. ಶೇ 0.5ಕ್ಕಿಂತ ಕಡಿಮೆ ಇದ್ದರೆ ಸೂಕ್ಷ್ಮಾಣುಗಳಿಗೆ ತಿನ್ನಲು ಏನೂ ಇಲ್ಲ ಅಂತ ಅರ್ಥ. ಆಗ ಈ ವರ್ಷ ಕೊಟ್ಟಿಗೆ ಗೊಬ್ಬರ ಹೆಚ್ಚಿಸಿ, ಯೂರಿಯಾ ಕಡಿತವನ್ನು ಮೂರು ಗುಂಟೆಯ ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ. ಆಮೇಲೆ ರಂಜಕ ನೋಡಿ. ವರ್ಷಾನುಗಟ್ಟಲೆ ಡಿಎಪಿ ಉಂಡ ಭೂಮಿಯಲ್ಲಿ ಅದು ಸಾಮಾನ್ಯವಾಗಿ ಮಧ್ಯಮ ಅಥವಾ ಹೆಚ್ಚು ಇರುತ್ತದೆ, ಅಲ್ಲಿ ಧೈರ್ಯವಾಗಿ ಕಡಿಮೆ ಮಾಡಬಹುದು. 'ಕಡಿಮೆ' ಅಂತ ಬಂದರೆ ರಂಜಕವನ್ನು ಮುಟ್ಟಬೇಡಿ, ಸಾರಜನಕ ಮಾತ್ರ ಇಳಿಸಿ. ಪೊಟ್ಯಾಷ್ ಯಾರೂ ಇಳಿಸುವುದು ಬೇಡ, ಮೊದಲ ವರ್ಷಕ್ಕಂತೂ.

ಹಂತ 2: ಲೆಕ್ಕ ಹಾಕುವುದು

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಶಿಫಾರಸು ಎಕರೆಗೆ 48 ಕೆಜಿ ಸಾರಜನಕ, 16 ಕೆಜಿ ರಂಜಕ, 16 ಕೆಜಿ ಪೊಟ್ಯಾಷ್ ಅಂತಿರಲಿ. ನಿಮ್ಮ ವರದಿಯ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ, ಲೆಕ್ಕದ ದಾರಿ ಒಂದೇ.

ಡಿಎಪಿಯಲ್ಲಿ ಶೇ 46 ರಂಜಕ, ಶೇ 18 ಸಾರಜನಕ. 16 ಕೆಜಿ ರಂಜಕಕ್ಕೆ 35 ಕೆಜಿ ಡಿಎಪಿ ಬೇಕು. ಅದರಿಂದ 6 ಕೆಜಿಗೂ ಸ್ವಲ್ಪ ಹೆಚ್ಚು ಸಾರಜನಕ ಪುಕ್ಕಟೆ ಬಂತು. ಉಳಿದ ಸುಮಾರು 42 ಕೆಜಿಗೆ, ಶೇ 46ರ ಯೂರಿಯಾ 90 ಕೆಜಿ. ಅಂದರೆ ಈಗಿನ 45 ಕೆಜಿ ಚೀಲದಲ್ಲಿ ಸರಿಯಾಗಿ ಎರಡು ಚೀಲ. 16 ಕೆಜಿ ಪೊಟ್ಯಾಷ್‌ಗೆ ಶೇ 60ರ ಪೊಟ್ಯಾಷ್ ಗೊಬ್ಬರ 27 ಕೆಜಿ.

ಈಗ ಸಾರಜನಕ, ರಂಜಕ ಎರಡನ್ನೂ ಕಾಲುಭಾಗ ಇಳಿಸಿದರೆ 36 ಮತ್ತು 12 ಕೆಜಿ. ಡಿಎಪಿ 26 ಕೆಜಿ, ಯೂರಿಯಾ 68 ಕೆಜಿ, ಅಂದರೆ ಒಂದೂವರೆ ಚೀಲ. ಪೊಟ್ಯಾಷ್ ಅದೇ 27. ಎಕರೆಗೆ ಅರ್ಧ ಚೀಲ ಯೂರಿಯಾ, 9 ಕೆಜಿ ಡಿಎಪಿ ಉಳಿಯಿತು. ಯೂರಿಯಾ ಸಬ್ಸಿಡಿ ಬೆಲೆಗೆ ಸಿಗುವುದರಿಂದ ಇದರಲ್ಲಿ ಉಳಿಯುವ ದುಡ್ಡು ದೊಡ್ಡದೇನಲ್ಲ, ಅದನ್ನು ಮುಚ್ಚಿಡುವುದು ಬೇಡ. ಲಾಭ ಬರುವುದಾದರೆ ಸೊಪ್ಪಿನ ಗುಣದಲ್ಲಿ, ಮಣ್ಣಿನಲ್ಲಿ.

ಹಂತ 3: ಕೊಳ್ಳುವಾಗ ಚೀಲ ತಿರುಗಿಸಿ ಓದಿ

ಜೈವಿಕ ಗೊಬ್ಬರ 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ಬರುತ್ತದೆ. ಅಜೋಸ್ಪಿರಿಲಂ, ಪಿಎಸ್‌ಬಿ ಪುಡಿ ರೂಪದಲ್ಲಿದ್ದರೆ ಒಂದು ಗ್ರಾಂಗೆ ಕನಿಷ್ಠ 5 ಕೋಟಿ, ದ್ರವವಾದರೆ ಒಂದು ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಂತ ಕೋಶಗಳು ಇರಬೇಕು. ಚೀಲದ ಮೇಲೆ ಸೂಕ್ಷ್ಮಾಣುವಿನ ಹೆಸರು, ಈ ಸಂಖ್ಯೆ, ತಯಾರಾದ ದಿನ, ಬಳಕೆಯ ಕೊನೆ ದಿನ ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. 'ಬಂಪರ್ ಇಳುವರಿ' ಅಂತ ದೊಡ್ಡದಾಗಿ ಬರೆದು ಒಳಗೆ ಏನಿದೆ ಅಂತ ಹೇಳದ ಬಾಟಲಿಗಳು ಪೇಟೆಯಲ್ಲಿ ಬೇಕಾದಷ್ಟಿವೆ.

ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಹಲವು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜೈವಿಕ ಗೊಬ್ಬರ ಸಿಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ'ನಲ್ಲಿ ಸಾರಜನಕ ಹಿಡಿಯುವ, ರಂಜಕ ಮತ್ತು ಸತು ಕರಗಿಸುವ ಸೂಕ್ಷ್ಮಾಣುಗಳು ಒಟ್ಟಿಗೇ ಇರುತ್ತವೆ. ಬೇರೆ ಬೇರೆ ಚೀಲದ ರಗಳೆ ಬೇಡ ಅನ್ನುವವರಿಗೆ ಅದು ಅನುಕೂಲ.

ತಂದ ಮೇಲೆ ಇಡುವ ಜಾಗ? ನಾನು ಮೊದಲ ಸಲ ತಂದ ಚೀಲವನ್ನು ಪಂಪ್‌ಹೌಸಿನಲ್ಲಿ, ತಗಡಿನ ಸೂರಿನ ಕೆಳಗೆ, ಔಷಧಿ ಡಬ್ಬಗಳ ಪಕ್ಕದಲ್ಲೇ ಒಂದು ತಿಂಗಳು ಇಟ್ಟಿದ್ದೆ. ಆಮೇಲೆ ಹೊಲಕ್ಕೆ ಹಾಕಿದ್ದು ಬರೀ ಕಪ್ಪು ಪುಡಿ. ಫಲಿತಾಂಶ ಸೊನ್ನೆ. 'ಇದೆಲ್ಲ ಬುರುಡೆ' ಅಂತ ಎರಡು ವರ್ಷ ಹೇಳಿಕೊಂಡು ತಿರುಗಿದೆ. ತಪ್ಪು ನನ್ನದೇ. ಮನೆಯೊಳಗೆ, ಬಿಸಿಲು ಬೀಳದ ತಣ್ಣನೆ ಮೂಲೆಯಲ್ಲಿ ಇಡಿ. ಬೇಕಾದಾಗಲೇ ಕೊಳ್ಳಿ.

ಹಂತ 4: ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸುವುದು

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ಬರೀ ಪುಡಿಯನ್ನು ಹೊಲಕ್ಕೆ ಎರಚುವುದು ಅಂದರೆ ಬುತ್ತಿ ಕೊಡದೆ ಆಳನ್ನು ಕಾಡಿಗೆ ಕಳಿಸಿದ ಹಾಗೆ.

ನಾಟಿಗೆ ಹತ್ತು ದಿನ ಮುಂಚೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 100 ಕೆಜಿ ತೆಗೆದುಕೊಳ್ಳಿ. ಕೈ ಹಾಕಿದರೆ ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು. ಮರದ ನೆರಳಲ್ಲಿ ಒಂದು ಅಡಿ ಎತ್ತರಕ್ಕೆ ಹರಡಿ. 2 ಕೆಜಿ ಅಜೋಸ್ಪಿರಿಲಂ, 2 ಕೆಜಿ ಪಿಎಸ್‌ಬಿ ಎರಚಿ ಕೈಯಲ್ಲೇ ಬೆರೆಸಿ. ಒಂದಿಷ್ಟು ಬೆಲ್ಲದ ನೀರು ಚಿಮುಕಿಸಿ. ಹದ ಹೇಗಿರಬೇಕು ಅಂದರೆ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಒದ್ದೆ ಗೋಣಿಚೀಲ ಮುಚ್ಚಿ. ಮೂರು ದಿನಕ್ಕೊಮ್ಮೆ ಮಗುಚಿ, ಒಣಗಿದ್ದರೆ ನೀರು ಚಿಮುಕಿಸಿ. ಏಳರಿಂದ ಹತ್ತು ದಿನಕ್ಕೆ ಒಳ್ಳೆಯ ಮಣ್ಣಿನ ವಾಸನೆ ಬರುತ್ತದೆ. ಒಂದು ಎಕರೆಗೆ ಇಷ್ಟು ಸಾಕು.

ಉಳಿದ ಕೊಟ್ಟಿಗೆ ಗೊಬ್ಬರ, ಎಕರೆಗೆ ಎರಡೂವರೆ ಟನ್‌ನಷ್ಟು, ಕೊನೆ ಉಳುಮೆಗೇ ಮಣ್ಣಿಗೆ ಸೇರಿರಬೇಕು. ಬೆಳೆಸಿದ ಈ 100 ಕೆಜಿಯನ್ನು ನಾಟಿಯ ಹಿಂದಿನ ದಿನ ಸಂಜೆ, ಬಿಸಿಲು ಇಳಿದ ಮೇಲೆ, ಹಸಿ ಇರುವ ಮಡಿಗೆ ಎರಚಿ ಮಣ್ಣಲ್ಲಿ ಕೆದಕಿ.

'ಸಗಣಿ, ಗಂಜಲ, ಬೆಲ್ಲ ಕೊಳೆಸಿ ಮಾಡುವ ಜೀವಾಮೃತ ಹಾಕುತ್ತೇವಲ್ಲ, ಇದ್ಯಾಕೆ?' ಅಂತ ಕೇಳುವವರಿದ್ದಾರೆ. ಹಾಕಿ, ತೊಂದರೆ ಏನಿಲ್ಲ. ಆದರೆ ಅದರಲ್ಲಿ ಯಾವ ಸೂಕ್ಷ್ಮಾಣು ಎಷ್ಟಿದೆ ಅಂತ ಲೆಕ್ಕ ಸಿಗುವುದಿಲ್ಲ. ಯೂರಿಯಾ ಇಷ್ಟೇ ಇಳಿಸಬಹುದು ಅಂತ ಲೆಕ್ಕ ಹಾಕುವಾಗ ನನಗೆ ಗೊತ್ತಿರುವ ವಸ್ತುವೇ ಬೇಕು.

ಹಂತ 5: ಸಸಿಮಡಿ ಮತ್ತು ಬೇರು ಅದ್ದುವುದು

ದವನದ ಬೀಜ ಧೂಳಿನಷ್ಟು ಸಣ್ಣದು. ಹಳೆಯದಾದರೆ ಹುಟ್ಟುವುದಿಲ್ಲ, ಹೊಸ ಬೀಜವೇ ಆಗಬೇಕು. ಇಷ್ಟು ಸಣ್ಣ ಬೀಜಕ್ಕೆ ಪುಡಿ ಲೇಪಿಸಲು ಹೋದರೆ ಮುದ್ದೆ ಕಟ್ಟುತ್ತದೆ. ಅದರ ಬದಲು ಮಡಿಯನ್ನೇ ಉಪಚರಿಸಿ. ಒಂದು ಚದರ ಮೀಟರ್ ಮಡಿಗೆ 100 ಗ್ರಾಂ ಮೈಕೊರೈಜಾ ಎರಚಿ, ಮೇಲೆ ತೆಳುವಾಗಿ ಪುಡಿಮಣ್ಣು ಹಾಕಿ, ಆಮೇಲೆ ಮರಳಿನ ಜೊತೆ ಬೆರೆಸಿದ ಬೀಜ ಚೆಲ್ಲಿ. ಮೊಳೆತ ಬೇರು ಕೆಳಗಿಳಿಯುವಾಗ ಶಿಲೀಂಧ್ರ ದಾರಿಯಲ್ಲೇ ಸಿಗಬೇಕು. ಮೈಕೊರೈಜಾಕ್ಕೆ ಸಸಿಮಡಿಯೇ ಸರಿಯಾದ ಜಾಗ, ನಾಟಿ ಆದ ಮೇಲೆ ಇಡೀ ಹೊಲಕ್ಕೆ ಹಾಕುವುದು ದುಬಾರಿ.

ದವನದ ಸಸಿಗಳು ಬುಡ ಕೊಳೆತು ಗುಂಪುಗುಂಪಾಗಿ ಬೀಳುವುದು ಎಲ್ಲರಿಗೂ ಗೊತ್ತಿರುವ ಕಷ್ಟ. ಮಡಿಯನ್ನು ಎತ್ತರ ಮಾಡಿ, ನೀರು ಮಿತವಾಗಿ ಕೊಡಿ, ಬಿತ್ತುವ ಮುಂಚೆ ಟ್ರೈಕೋಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ, ಬೆರೆಸಿದ ಗೊಬ್ಬರ ಹಾಕಿ. ಇಲ್ಲಿ ಕಾಪರ್ ಆಕ್ಸಿಕ್ಲೋರೈಡ್‌ನಂಥ ಶಿಲೀಂಧ್ರನಾಶಕ ಸುರಿದರೆ ರೋಗದ ಜೊತೆ ನಾವು ಬಿಟ್ಟ ಜೀವಿಗಳಿಗೂ ಪೆಟ್ಟು ಬೀಳುತ್ತದೆ. ಹಾಕಲೇಬೇಕಾದ ಪರಿಸ್ಥಿತಿ ಬಂದರೆ ಹಾಕಿ, ಸಸಿ ಉಳಿಯುವುದು ಮೊದಲು. ಹತ್ತು ದಿನ ಬಿಟ್ಟು ಜೈವಿಕವನ್ನು ಮತ್ತೆ ಕೊಡಿ.

ಸಸಿ ನಾಲ್ಕು ಇಂಚು ಎತ್ತರ ಬಂದಾಗ ನಾಟಿ. 10–15 ಲೀಟರ್ ನೀರಿಗೆ ಅಜೋಸ್ಪಿರಿಲಂ, ಪಿಎಸ್‌ಬಿ ಅರ್ಧರ್ಧ ಕೆಜಿ ಕಲಸಿ ತೆಳು ಗಂಜಿಯಂತೆ ಮಾಡಿ. ಸಸಿಯ ಕಟ್ಟುಗಳ ಬೇರನ್ನು 15–20 ನಿಮಿಷ ಅದ್ದಿಟ್ಟು, ಬೇರು ಒಣಗುವ ಮುಂಚೆ ನೆಡಿ. ಕೊಳಾಯಿ ನೀರಾದರೆ ಹಿಂದಿನ ರಾತ್ರಿಯೇ ಬಾಯಗಲದ ಪಾತ್ರೆಯಲ್ಲಿ ತೆರೆದಿಡಿ, ಕ್ಲೋರಿನ್ ಹೋಗಲಿ.

ತುಳಸಿಗೂ ಇದೇ ಕ್ರಮ. ಪುದೀನವನ್ನು ಬೀಜದಿಂದ ಬೆಳೆಸುವುದಿಲ್ಲ, ನೆಡುವ ಬಳ್ಳಿ ತುಂಡುಗಳನ್ನೇ ಅದ್ದಿ. ಕೊತ್ತಂಬರಿಯ ಬೀಜ ದಪ್ಪ ಇರುವುದರಿಂದ ಲೇಪನ ಸುಲಭ. ಕಾಳನ್ನು ಉಜ್ಜಿ ಎರಡು ಹೋಳು ಮಾಡಿ, 12 ಗಂಟೆ ನೆನೆಸಿ, ನೆರಳಲ್ಲಿ ನೀರಾರಿಸಿ. ಲೀಟರಿಗೆ 100 ಗ್ರಾಂ ಬೆಲ್ಲ ಹಾಕಿ ಕುದಿಸಿ ಪೂರ್ತಿ ಆರಿಸಿದ ನೀರನ್ನು ಸ್ವಲ್ಪ ಸ್ವಲ್ಪ ಚಿಮುಕಿಸಿ ಅಂಟು ಬರಿಸಿ. 10 ಕೆಜಿ ಬೀಜಕ್ಕೆ 200 ಗ್ರಾಂ ಪೊಟ್ಟಣ ಒಂದು ಬೆರೆಸಿ, ನೆರಳಲ್ಲಿ ಅರ್ಧ ಗಂಟೆ ಒಣಗಿಸಿ ಅಂದೇ ಬಿತ್ತಿ. ಬಿಸಿ ಬೆಲ್ಲದ ನೀರು ಹಾಕಿ ಎಲ್ಲವನ್ನೂ ಬೇಯಿಸಿಟ್ಟವರಿದ್ದಾರೆ, ಎಚ್ಚರ. ಅಂಗಡಿಯ ಬೀಜಕ್ಕೆ ಬಣ್ಣದ ಔಷಧಿ ಲೇಪನ ಆಗಿದ್ದರೆ ಲೇಪಿಸುವ ಬದಲು ಮಣ್ಣಿಗೇ ಕೊಡಿ.

ಹಂತ 6: ರಾಸಾಯನಿಕ ಗೊಬ್ಬರ ಯಾವಾಗ?

ಡಿಎಪಿ, ಪೊಟ್ಯಾಷ್ ಎರಡನ್ನೂ ನಾಟಿಗೆ ಒಂದು ವಾರ ಮುಂಚೆ ಮಣ್ಣಿಗೆ ಸೇರಿಸಿ. ಜೈವಿಕ ಗೊಬ್ಬರದ ಜೊತೆ ಒಂದೇ ಮಂಕರಿಯಲ್ಲಿ ಕಲಸಬೇಡಿ, ಉಪ್ಪಿನ ಕಾವಿಗೆ ಅವು ಬದುಕುವುದಿಲ್ಲ. ಕೂಲಿಯವರಿಗೆ ಇದನ್ನು ಮುಂಚೆಯೇ ಹೇಳಿ. ಕೆಲಸ ಬೇಗ ಮುಗಿಯಲಿ ಅಂತ ಅವರು ಎಲ್ಲ ಒಟ್ಟಿಗೆ ಸುರಿದುಬಿಡುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ ಅಲ್ವಾ?

ಯೂರಿಯಾ ಎಲ್ಲವೂ ಮೇಲುಗೊಬ್ಬರವಾಗಿಯೇ ಹೋಗಲಿ. 68 ಕೆಜಿಯನ್ನು ಮೂರು ಪಾಲು ಮಾಡಿ. ಮೊದಲನೆಯದು ನಾಟಿಯಾಗಿ ಹತ್ತು–ಹನ್ನೆರಡು ದಿನಕ್ಕೆ, ಆಮೇಲಿನವು ಎರಡೆರಡು ವಾರದ ಅಂತರದಲ್ಲಿ. ಪ್ರತಿ ಸಲವೂ ಮಣ್ಣು ಹದ ಇರುವಾಗ ಸಾಲಿನ ಮಧ್ಯೆ ಹಾಕಿ, ಎಲೆಯ ಮೇಲೆ ಬೀಳಬಾರದು. ಮೊದಲ ಮತ್ತು ಎರಡನೇ ಪಾಲಿನ ನಡುವೆ, ಯೂರಿಯಾದಿಂದ ಕನಿಷ್ಠ ಒಂದು ವಾರ ದೂರ ಇಟ್ಟು, ಜೈವಿಕವನ್ನು ಇನ್ನೊಮ್ಮೆ ಬುಡಕ್ಕೆ ಕೊಡಬಹುದು. ಹನಿ ನೀರಾವರಿ ಇದ್ದರೆ ದ್ರವ ರೂಪದ್ದನ್ನೇ ಬಳಸಿ, ಎಕರೆಗೆ ಒಂದು ಲೀಟರನ್ನು 200 ಲೀಟರ್ ನೀರಲ್ಲಿ. ಪುಡಿ ಹಾಕಿದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ.

ನಡುವೆ ಬುಡದ ಹಳೆ ಎಲೆಗಳು ಒಟ್ಟಿಗೇ ಹಳದಿಯಾಗುತ್ತಾ ಬಂದರೆ ಸಾರಜನಕ ಸಾಲದು ಅಂತ. ಹಠ ಹಿಡಿಯಬೇಡಿ. ಲೀಟರಿಗೆ 10 ಗ್ರಾಂ ಯೂರಿಯಾ ಕರಗಿಸಿ ಸಂಜೆ ಸಿಂಪಡಿಸಿ. ಆದರೆ ಮೊದಲು ಮಡಿಯಲ್ಲಿ ನೀರು ನಿಂತಿದೆಯಾ ನೋಡಿ, ಉಸಿರುಗಟ್ಟಿದ ಬೇರೂ ಹೀಗೇ ಹಳದಿ ತೋರಿಸುತ್ತದೆ.

ಪುದೀನದ ಕಥೆ ಸ್ವಲ್ಪ ಬೇರೆ. ಅದನ್ನು ಮತ್ತೆ ಮತ್ತೆ ಕೊಯ್ಯುತ್ತೇವೆ, ಪ್ರತಿ ಕೊಯ್ಲಿಗೂ ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ಕೊಯ್ದ ಕೂಡಲೇ ಕಳೆ ತೆಗೆದು, ಜೈವಿಕ ಬೆಳೆಸಿದ ಗೊಬ್ಬರ ಎರಚಿ, ನೀರು ಕೊಟ್ಟು, ಒಂದು ವಾರದ ನಂತರ ಯೂರಿಯಾ ಕೊಡಿ.

ಹಂತ 7: ಮೂರು ಗುಂಟೆಯ ಪರೀಕ್ಷೆ

ಮಣ್ಣು ಒಂದೇ ತರ ಇರುವ ಕಡೆ ಒಂದೊಂದು ಗುಂಟೆಯ ಮೂರು ಪಟ್ಟಿ ಮಾಡಿ. ಮೂರಕ್ಕೂ ಕೊಟ್ಟಿಗೆ ಗೊಬ್ಬರ ಒಂದೇ ಪ್ರಮಾಣ, ಗುಂಟೆಗೆ 60 ಕೆಜಿ. ಪೊಟ್ಯಾಷ್ 700 ಗ್ರಾಂ.

ಮೊದಲ ಪಟ್ಟಿಗೆ ಪೂರ್ತಿ ಗೊಬ್ಬರ: ಯೂರಿಯಾ ಎರಡೂಕಾಲು ಕೆಜಿ, ಡಿಎಪಿ 900 ಗ್ರಾಂ. ಎರಡನೆಯದಕ್ಕೆ ಕಾಲುಭಾಗ ಕಡಿಮೆ, ಅಂದರೆ ಯೂರಿಯಾ 1.7 ಕೆಜಿ, ಡಿಎಪಿ 650 ಗ್ರಾಂ, ಜೊತೆಗೆ ಜೈವಿಕ. ಮೂರನೆಯದಕ್ಕೂ ಕಾಲುಭಾಗ ಕಡಿಮೆ, ಆದರೆ ಜೈವಿಕ ಇಲ್ಲ. ಇದಕ್ಕೆ ನೆಡುವ ಸಸಿಯೂ ಮೈಕೊರೈಜಾ ಹಾಕದ ಮಡಿಯದ್ದೇ ಆಗಬೇಕು, ಮೊದಲ ಪಟ್ಟಿಗೂ ಹಾಗೇ. ಜೈವಿಕದ ಪಟ್ಟಿಯನ್ನು ನೀರು ಹರಿಯುವ ದಾರಿಯ ಕೊನೆಯಲ್ಲಿ ಇಡಿ, ಇಲ್ಲದಿದ್ದರೆ ಅದರ ಸೂಕ್ಷ್ಮಾಣುಗಳು ಪಕ್ಕದ ಪಟ್ಟಿಗೆ ಕೊಚ್ಚಿಹೋಗುತ್ತವೆ.

ಈ ಮೂರನೇ ಪಟ್ಟಿಯನ್ನು ಯಾರೂ ಹಾಕುವುದಿಲ್ಲ. ನನ್ನ ಪ್ರಕಾರ ಅದಿಲ್ಲದೆ ಪರೀಕ್ಷೆಯೇ ಅಲ್ಲ.

ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಹೆಚ್ಚಿನ ಮೊಗ್ಗು ಅರಳಿದಾಗ ಎಣ್ಣೆಗೆ ಕೊಯ್ಲು. ಇಬ್ಬನಿ ಆರಿದ ಮೇಲೆ, ಮೂರೂ ಪಟ್ಟಿ ಒಂದೇ ದಿನ ಕೊಯ್ಯಿರಿ. ಅಂಚಿನ ಎರಡೆರಡು ಸಾಲು ಬಿಟ್ಟು ಮಧ್ಯದ್ದನ್ನು ಮಾತ್ರ ತೂಗಿ ಬರೆದಿಡಿ. ಎಣ್ಣೆ ತೆಗೆಸುವವರು ಮೂರು ರಾಶಿಯನ್ನೂ ಬೇರೆ ಬೇರೆ ನೆರಳಲ್ಲಿ ಒಣಗಿಸಿ, ಬೇರೆ ಬೇರೆಯಾಗಿಯೇ ಬಟ್ಟಿ ಇಳಿಸಲು ಹೇಳಿ. ಹಾರಕ್ಕೆ ಮಾರುವವರು ಮೂರು ಕಟ್ಟು ಪಕ್ಕಪಕ್ಕ ಇಟ್ಟು ಮರುದಿನ ಯಾವುದು ಬಾಡಿದೆ ನೋಡಿ.

ಎರಡನೇ ಪಟ್ಟಿ ಮೊದಲನೆಯದಕ್ಕೆ ಸಮ ಬಂದು ಮೂರನೆಯದು ಹಿಂದೆ ಬಿದ್ದರೆ ಜೈವಿಕ ಕೆಲಸ ಮಾಡಿದೆ, ಮುಂದಿನ ವರ್ಷ ಇಡೀ ಹೊಲಕ್ಕೆ ಮಾಡಿ. ಎರಡನೆಯದು ಮೂರನೆಯದಕ್ಕಿಂತ ಮೇಲೆ, ಆದರೆ ಮೊದಲನೆಯದಕ್ಕಿಂತ ಕೆಳಗೆ ನಿಂತರೆ ಕೊಟ್ಟಿಗೆ ಗೊಬ್ಬರ ಹೆಚ್ಚಿಸಿ ಇನ್ನೊಂದು ವರ್ಷ ನೋಡಿ. ಎರಡು, ಮೂರು ಒಂದೇ ಸಮ ಹಿಂದೆ ಬಿದ್ದರೆ ಚೀಲ ಸತ್ತಿತ್ತು, ಇಲ್ಲವೇ ಮಣ್ಣು ಒಣಗಿತ್ತು.

ಮೂರೂ ಪಟ್ಟಿ ಸಮ ಬಂದರೆ? ಆಗ ಜೈವಿಕದ ಚೀಲಕ್ಕೆ ಕೈಮುಗಿಯುವುದು ಬೇಡ. ನೀವು ಇಷ್ಟು ವರ್ಷ ಆ ಅರ್ಧ ಚೀಲ ಯೂರಿಯಾವನ್ನು ಸುಮ್ನೆ ಹಾಕುತ್ತಿದ್ದಿರಿ.